ಅರ್ಧ ಶೇರಿನ ಇನ್ನರ್ಧ

"ಮಾಸ್ತರ್ರ, ನೂರಕ್ಕ ನೂರಾ ಎಂಬತ್ತೇಳು ಕೊಡ್ತಾರಂತ. ತಗೋಬೇಕೋ ಬ್ಯಾಡೋ?"

2024ರ ಫೆಬ್ರವರಿಯ ಒಂದು ಬೆಳಗು. ಮಾವು ಹೂ ಬಿಟ್ಟಿತ್ತು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾವಿಕಟ್ಟೆಯ ಹತ್ತಿರ ನಿಂತಿದ್ದೆ. ಬೇಲಿಯಾಚೆಯಿಂದ ನೆರೆಮನೆಯ ಕಾಕಾನ ರುಮಾಲು ಮಾತ್ರ ಕಾಣುತ್ತಿತ್ತು. ನೂರಕ್ಕೆ ಎಂಬತ್ತೇಳು ಬಡ್ಡಿ ಕೊಡುವ ಸಾಹುಕಾರ ಮುಂಡಗೋಡ ಪೇಟೆಯಲ್ಲಂತೂ ಇಲ್ಲ. ಇದ್ದರೆ ಅವನು ರಾತ್ರೋರಾತ್ರಿ ಓಡಿಹೋಗುವ ತಯಾರಿಯಲ್ಲಿರಬೇಕು. ಬಾಯಿ ಮುಕ್ಕಳಿಸಿ, "ಯಾರ್ರೀ ಕೊಡೋರು? ಯಾವ ಚೀಟಿ ಕಂಪನಿ?" ಎಂದೆ.

"ಚೀಟಿ ಅಲ್ರಿ. ನಮ್ಮ ಗೊಬ್ಬರದ ಕಂಪನಿ. ಮಂಗಳಾ!"

ನಮ್ಮ ಎರಡು ಹಿತ್ತಲುಗಳ ನಡುವೆ ಇರುವುದೂ ಗೊಬ್ಬರದ ಗಿಡದ ಬೇಲಿಯೇ. ರೆಂಬೆ ಕಡಿದು ಊರಿದರೆ ಮಳೆಗಾಲ ಮುಗಿಯುವುದರೊಳಗೆ ಎದೆಮಟ್ಟ ಬರುತ್ತದೆ. ಸೊಪ್ಪು ಗದ್ದೆಗೆ, ಕೋಲು ಒಲೆಗೆ. ಉಳಿದದ್ದರ ಮೇಲೆ ಮೊಣಕೈ ಊರಿ ಹರಟೆ. ಹೋರಿಯ ಬೆಲೆ, ಗೋವಿನಜೋಳದ ದರ, ಯಾರ ಮನೆಯ ಹೆಣ್ಣು ಯಾರ ಮನೆಗೆ ಎಂಬುದೆಲ್ಲ ಈ ಬೇಲಿಯ ಮೇಲೆ ಎಷ್ಟೋ ಸಲ ತೀರ್ಮಾನವಾಗಿದೆ. ಶೇರುಪೇಟೆ ಬಂದು ಒರಗಿದ್ದು ಅವತ್ತೇ ಮೊದಲು.

ಸಂಗತಿ ಇಷ್ಟು. ಕಾಕಾನ ಭಾವ ಹಿಂದೆ ಮಂಗಳೂರಿನಲ್ಲಿದ್ದರು. "ನೀ ಹೊಲಕ್ಕ ಸುರಿಯೋದು ಹೆಂಗೂ ಅದ ಗೊಬ್ಬರ. ಕಂಪನಿಯೊಳಗೂ ನಿಂದೊಂದು ಹಿಸ್ಸೆ ಇರಲಿ" ಎಂದು ಕಿವಿ ಊದಿ, ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್‌ನ ನೂರೈವತ್ತು ಶೇರು ಕೊಡಿಸಿದ್ದರು. ಪಣಂಬೂರಿನ ಕಾರ್ಖಾನೆ. 1966ರಲ್ಲಿ ಕಂಪನಿ ಹುಟ್ಟಿತು, 1976ರಲ್ಲಿ ಗೊಬ್ಬರ ಹೊರಬಂತು. ನಮ್ಮ ರಾಜ್ಯದಲ್ಲಿ ಯೂರಿಯಾ ತಯಾರಿಸುವ ಕಾರ್ಖಾನೆ ಅದೊಂದೇ. ಕಾಕಾ ಆ ಶೇರುಪತ್ರಗಳನ್ನು ಹೊಲದ ಉತಾರದ ಜೊತೆಗೇ ಟ್ರಂಕಿನಲ್ಲಿ ಇಟ್ಟಿದ್ದ. ಲಾಭಾಂಶ ಬಂದ ವರ್ಷ ಬಂತು, ಬಾರದ ವರ್ಷ ಇಲ್ಲ. ಎರಡಕ್ಕೂ ಅವನು ಮಳೆಗೆ ಹೊಂದಿಕೊಂಡಷ್ಟೇ ಸುಲಭವಾಗಿ ಹೊಂದಿಕೊಂಡಿದ್ದ.

ಈಗ ಹುಬ್ಬಳ್ಳಿಯ ಮಗ ಫೋನಿನಲ್ಲಿ ಹೇಳಿದ್ದಾನೆ: ಮಂಗಳೂರಿನ ಕಂಪನಿ ಒಡಿಶಾದ ಪಾರಾದೀಪ್ ಫಾಸ್ಫೇಟ್ಸ್ ಎಂಬ ದೊಡ್ಡ ಕಂಪನಿಯಲ್ಲಿ ಸೇರಿಹೋಗುತ್ತದೆ. ಫೆಬ್ರವರಿ 7ರಂದು ಎರಡೂ ಕಡೆಯ ನಿರ್ದೇಶಕರು ಒಪ್ಪಿದ್ದಾರೆ. ಇಲ್ಲಿಯ ನೂರು ಶೇರಿಗೆ ಅಲ್ಲಿಯ ನೂರಾ ಎಂಬತ್ತೇಳು.

"ಅಂದ್ರ ಎಂಬತ್ತೇಳು ಲಾಭ" ಎಂದು ಕಾಕಾ ರುಮಾಲು ಸರಿಪಡಿಸಿಕೊಂಡ.

ಲೆಕ್ಕದ ಮಾಸ್ತರನಾಗಿ ಮೂವತ್ತು ವರ್ಷ ಸುಣ್ಣದ ಪುಡಿ ಕುಡಿದವನು ನಾನು. ಇಂಥ ಮಾತು ಕೇಳಿದರೆ ಕೈ ತುರಿಸುತ್ತದೆ. "ಕಾಕಾ, ನಿಮ್ಮ ಕೆರಿ ಕೆಳಗಿನ ಒಂದೆಕರೆ ಗದ್ದೆ ಕೊಟ್ಟು ಗುಡ್ಡದ ಬದಿ ಎರಡೆಕರೆ ಹಕ್ಕಲ ತಗೊಂಡ್ರ ಒಂದೆಕರೆ ಲಾಭ ಆತೇನು?"

ಕಾಕಾ ಸುಮ್ಮನಾದ. ಕೇಳಬಾರದ್ದನ್ನು ಕೇಳಿಬಿಟ್ಟೆ ಎಂಬುದು ಆಮೇಲೆ ಹೊಳೆಯಿತು. ಅಣ್ಣತಮ್ಮಂದಿರು ಬೇರೆಯಾದಾಗ ಕಾಕಾ ಮಾಡಿದ್ದು ಅದನ್ನೇ. ಗದ್ದೆ ಬಿಟ್ಟುಕೊಟ್ಟು ಹಕ್ಕಲ ಹಿಡಿದ. ಊರೆಲ್ಲ ನಕ್ಕಿತ್ತು. ಆ ಹಕ್ಕಲಕ್ಕೆ ಅವನು ಮಾವು ಹಾಕಿದ. ಈಗ ಹೂ ಬಿಟ್ಟು ನಿಂತಿರುವುದು ಅದೇ ತೋಟ.

"ಅಲ್ರಿ ಮಾಸ್ತರ, ಎಕರೆ ಎಣಿಸಬ್ಯಾಡ್ರಿ, ಮಣ್ಣು ನೋಡ್ರಿ ಅಂತೀರಿ" ಎಂದ ಕೊನೆಗೆ.

ಮಣ್ಣು ನೋಡುವುದೇ ಕಷ್ಟದ ಕೆಲಸ. ಶೇರಿನ ಎಣಿಕೆಯಿಂದ ಏನೂ ತಿಳಿಯುವುದಿಲ್ಲ ಎಂಬುದಕ್ಕೆ ಕನ್ನಡನಾಡಿನ ಬ್ಯಾಂಕುಗಳೇ ಸಾಕ್ಷಿ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ತಾಯಿಮನೆಗೆ ಸೇರಿದಾಗ ಹತ್ತು ಶೇರಿಗೆ ಇಪ್ಪತ್ತೆರಡು ಕೊಟ್ಟರು. 2019ರಲ್ಲಿ ವಿಜಯಾ ಬ್ಯಾಂಕಿನ ಸಾವಿರ ಶೇರಿಗೆ ಬ್ಯಾಂಕ್ ಆಫ್ ಬರೋಡಾದ ನಾನೂರಾ ಎರಡು. ಮರುವರ್ಷ ಕಾರ್ಪೊರೇಷನ್ ಬ್ಯಾಂಕಿನ ಸಾವಿರಕ್ಕೆ ಯೂನಿಯನ್ ಬ್ಯಾಂಕಿನ ಮುನ್ನೂರಾ ಮೂವತ್ತು, ಸಿಂಡಿಕೇಟಿನ ಸಾವಿರಕ್ಕೆ ಕೆನರಾದ ನೂರಾ ಐವತ್ತೆಂಟು. ಉಡುಪಿ-ಮಂಗಳೂರು ಕಡೆಯ ಹಿರಿಯರು ಅವತ್ತು ಮನೆಮಗಳನ್ನು ಅಗ್ಗಕ್ಕೆ ಕೊಟ್ಟಷ್ಟು ನೊಂದುಕೊಂಡರು. ಸಾವಿರ ಕೊಟ್ಟು ನೂರಾ ಐವತ್ತೆಂಟು ಎಣಿಸಿಕೊಳ್ಳುವಾಗ ಯಾರಿಗಾದರೂ ಕೈ ನಡುಗೀತು. ನೂರು ಕೊಟ್ಟು ನೂರಾ ಎಂಬತ್ತೇಳು ಎಣಿಸುವಾಗ ಮೀಸೆಯಡಿಯಲ್ಲಿ ನಗು ಬರುವುದೂ ಅಷ್ಟೇ ಸಹಜ. ನಡುಕವೂ ನಗುವೂ ಸಂಖ್ಯೆಯ ಆಟ. ಒಂದು ಶೇರು ದುಬಾರಿ, ಇನ್ನೊಂದು ಅಗ್ಗ. ಸಮ ತೂಗಬೇಕಾದರೆ ಅಗ್ಗದ್ದನ್ನು ಹೆಚ್ಚು ಹಾಕಬೇಕು. ಬೆಳ್ಳಿ ಕೊಟ್ಟು ತಾಮ್ರ ತಗೊಂಡರೆ ಚೀಲ ಭಾರವೇ ಆಗುತ್ತದೆ.

ಒಳಗಿನಿಂದ ಕಾಕಾನ ಹೆಂಡತಿ ಕಾಕು ಮೊರ ಹಿಡಿದು ಬಂದು ಕಟ್ಟೆಯ ಮೇಲೆ ಕೂತಳು. ಅಕ್ಕಿ ಆರಿಸುವುದು ನೆಪ.

"ನಿಮ್ಮವು ನೂರೈವತ್ತು. ಅಂದ್ರ ಇನ್ನೂರಾ ಎಂಬತ್ತೂವರಿ ಬರ್ತಾವು" ಎಂದು ನಾನು ಬಾಯಿಲೆಕ್ಕ ಹೇಳಿದೆ.

"ಅರ್ಧ ಸೇರು ಯಾತಕ್ಕ್ರಿ?" ಎಂದಳು ಕಾಕು. "ಅಳತಿ ಮಾಡವರು ಒಂದು ಮುಷ್ಟಿ ಮ್ಯಾಗ ಹಾಕಿ ಪೂರಾ ಸೇರು ಮಾಡಬೇಕು. ಸಂತ್ಯಾಗ ಮೆಣಸಿನಕಾಯಿ ಮಾರೋಳೂ ಅಷ್ಟು ಮಾಡ್ತಾಳ."

ಶೇರು ಬೇರೆ, ಸೇರು ಬೇರೆ ಎಂದು ಬಿಡಿಸಿ ಹೇಳಲು ಹೊರಟವನು ಸುಮ್ಮನಾದೆ. ಒಂದು ಕಂಪನಿ ಇನ್ನೊಂದರಲ್ಲಿ ಸೇರುವುದಕ್ಕೂ ನಾವು ಅನ್ನುವುದು ಅದೇ ಮಾತು. ಶೇರು, ಸೇರು, ಸೇರು. ನಮ್ಮ ಪಾಳಾದ ನಾಲಿಗೆಗೆ ಮೂರೂ ಒಂದೇ.

"ಈ ತೂಕ ಮಾಡಿದವರು ಯಾರ್ರಿ?" ಕಾಕುವಿನ ಮುಂದಿನ ಪ್ರಶ್ನೆ.

ಇಲ್ಲಿಂದ ಮಾತು ಸ್ವಲ್ಪ ಆಳಕ್ಕಿಳಿಯಿತು. ಮಂಗಳೂರಿನ ಕಂಪನಿ ಬಹುಕಾಲ ಮಲ್ಯರ ಯುಬಿ ಗುಂಪಿನಲ್ಲಿತ್ತು. 2013ರ ಹೊತ್ತಿಗೆ ಅದರ ಮೇಲೆ ಇಬ್ಬರ ಕಣ್ಣು ಬಿತ್ತು. ಒಂದು ಪುಣೆಯ ದೀಪಕ್ ಫರ್ಟಿಲೈಸರ್ಸ್, ಇನ್ನೊಂದು ಗೋವೆಯ ಜುವಾರಿ. ಇವರು ಒಂದು ಬೆಲೆ ಕೂಗಿದರೆ ಅವರು ಮೇಲೊಂದು ಕೂಗಿದರು. ಕಾಕಾನ ಮನೆಗೂ ಆಗ ದಪ್ಪ ಲಕೋಟೆಗಳು ಬಂದಿದ್ದವು. ಎರಡು ಕಡೆಯಿಂದ ಹೆಣ್ಣು ಕೇಳಿ ಬಂದ ತಂದೆಯ ಗತ್ತಿನಲ್ಲಿ ಅವನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವುಗಳನ್ನು ತೋರಿಸಿಕೊಂಡು ತಿರುಗಿದ್ದು ನನಗೆ ನೆನಪಿದೆ. ಯಾರಿಗೂ ಮಾರಲಿಲ್ಲ. 2015ರಲ್ಲಿ ಜುವಾರಿ ಗೆದ್ದಿತು.

ಪಾರಾದೀಪಿನ ಕಥೆ ಇನ್ನೂ ಸ್ವಾರಸ್ಯದ್ದು. 1981ರಲ್ಲಿ ಭಾರತ ಸರ್ಕಾರ ಅದನ್ನು ಕಟ್ಟಿದಾಗ ಜೊತೆಗಾರನಾಗಿ ಬಂದದ್ದು ನೌರು. ಪೆಸಿಫಿಕ್ ಸಾಗರದಲ್ಲಿ ಅದೊಂದು ಚೂರು ದ್ವೀಪ. ವಿಸ್ತೀರ್ಣ ಇಪ್ಪತ್ತೊಂದು ಚದರ ಕಿಲೋಮೀಟರು, ನಮ್ಮ ಪಾಳಾ ಹೋಬಳಿಯೊಳಗೆ ಇಟ್ಟರೆ ಹುಡುಕಬೇಕು. ಹಕ್ಕಿಗಳ ಹಿಕ್ಕೆಯಿಂದ ಆಯಿತೆಂದು ಹೇಳುವ ಫಾಸ್ಫೇಟ್ ಕಲ್ಲು ಅಲ್ಲಿ ರಾಶಿ ಬಿದ್ದಿತ್ತು. ಅದನ್ನು ಅಗೆದು ಮಾರಿಯೇ ಆ ದೇಶ ಒಂದು ಕಾಲಕ್ಕೆ ಶ್ರೀಮಂತವಾಯಿತು. ಕಲ್ಲು ತೀರುತ್ತ ಬಂದ ಹಾಗೆ ಐಸಿರಿಯೂ ತೀರಿತು. ಹಿಸ್ಸೆ ಬಿಟ್ಟು ಹೋಯಿತು. 2002ರಲ್ಲಿ ನಮ್ಮ ಸರ್ಕಾರ ತನ್ನ ಪಾಲಿನ ಬಹುಭಾಗವನ್ನು ಮಾರಿದಾಗ ಕೊಂಡದ್ದು ಜುವಾರಿ ಮತ್ತು ಮೊರಾಕ್ಕೋದ ಸರ್ಕಾರಿ ಕಂಪನಿ ಓಸಿಪಿ ಕೂಡಿ ಕಟ್ಟಿದ ಸಂಸ್ಥೆ. ಫಾಸ್ಫೇಟ್ ಕಲ್ಲಿನ ನಿಕ್ಷೇಪದಲ್ಲಿ ಮೊರಾಕ್ಕೋ ಜಗತ್ತಿಗೇ ದೊಡ್ಡ ಸಾಹುಕಾರ. 2022ರ ಮೇ ತಿಂಗಳಲ್ಲಿ ಶೇರಿಗೆ 42 ರೂಪಾಯಿಯಂತೆ ಪಾರಾದೀಪ್ ಪೇಟೆಗೆ ಬಂತು. ಅದೇ ವರ್ಷ ಜುವಾರಿಯ ಗೋವೆಯ ಕಾರ್ಖಾನೆಯೂ ಅದರ ಮಡಿಲಿಗೆ ಬಿತ್ತು.

ಕಾಕು ಅಕ್ಕಿಯಿಂದ ಒಂದು ಕಲ್ಲು ಆರಿಸಿ ಎಸೆದಳು. "ಅಂದ್ರ ಮಂಗಳೂರಿಗೂ ಜುವಾರಿ, ಪಾರಾದೀಪಿಗೂ ಜುವಾರಿ. ಕೊಡವನೂ ಅವನ, ತಗೊಳ್ಳವನೂ ಅವನ. ಹಂಗಾರ ತಕ್ಕಡಿ ಹಿಡಿದವರು ಯಾರು?"

ಶೇರುಪೇಟೆಯ ಪಂಡಿತರು ನೂರು ಪುಟ ಓದಿ ಕೇಳುವ ಪ್ರಶ್ನೆಯನ್ನು ಆಕೆ ಒಂದು ಮೊರ ಅಕ್ಕಿ ಆರಿಸುವುದರೊಳಗೆ ಕೇಳಿದ್ದಳು. ಕಾಕಾನಿಗಾಗಲಿ ನನಗಾಗಲಿ ಅದು ಹೊಳೆದಿರಲಿಲ್ಲ. ನಾವು ಎಂಬತ್ತೇಳು ಲಾಭವೋ ಅಲ್ಲವೋ ಎಂಬುದರಲ್ಲೇ ಇದ್ದೆವು.

ತಕ್ಕಡಿ ಹಿಡಿಯಲು ಜನ ಇದ್ದಾರೆ, ಇಲ್ಲವೆಂದಲ್ಲ. ನೋಂದಾಯಿತ ಮೌಲ್ಯಮಾಪಕರು ಎರಡೂ ಕಂಪನಿಗಳ ಆಸ್ತಿ, ಗಳಿಕೆ, ಪೇಟೆಯ ಬೆಲೆ ಎಲ್ಲವನ್ನೂ ನೋಡಿ ಅನುಪಾತ ಬರೆಯುತ್ತಾರೆ. ಅದು ನ್ಯಾಯವಾಗಿದೆ ಎಂದು ಮರ್ಚೆಂಟ್ ಬ್ಯಾಂಕರ್ ಒಬ್ಬರು ಸಹಿ ಹಾಕುತ್ತಾರೆ. ಶೇರು ವಿನಿಮಯ ಕೇಂದ್ರ, ಸೆಬಿ ನೋಡುತ್ತವೆ. ಕೊನೆಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಬೇಕು. ನಾನು ಇಷ್ಟನ್ನೂ ಹೇಳಿದೆ.

"ದನದ ಸಂತ್ಯಾಗ ದಲ್ಲಾಳಿ ಟವೆಲ್ ಕೆಳಗ ಬೆರಳು ಹಿಡಿತಾನಲ್ಲ, ಹಂಗ" ಎಂದ ಕಾಕಾ.

"ಟವೆಲ್ ತಗದು ಹಿಡಿಬೇಕು ಅಂತ ಕಾಯ್ದೆ."

"ದಲ್ಲಾಳಿಗೆ ರೊಕ್ಕ ಕೊಡೋದು?"

"ಕಂಪನಿ."

"ಆತು ಬಿಡ್ರಿ" ಎಂದು ಕಾಕು ಮೊರ ಕೊಡವಿದಳು.

ನಾನು ಬಿಡಲಿಲ್ಲ. ಇನ್ನೊಂದು ತಡೆ ಇದೆ, ಮತ. ಕಂಪನಿ ಕಾಯ್ದೆಯ 230ನೇ ಕಲಮಿನಂತೆ ಮತ ಹಾಕಿದವರಲ್ಲಿ ಹೆಚ್ಚು ಜನ, ಮೌಲ್ಯದಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಒಂದೇ ಮನೆಯ ಎರಡು ಕಂಪನಿಗಳ ನಡುವಿನ ಇಂಥ ವ್ಯವಹಾರದಲ್ಲಿ ಒಡೆಯರನ್ನು ಬಿಟ್ಟು ಉಳಿದ ಸಾರ್ವಜನಿಕರ ಮತದಲ್ಲೂ 'ಹೌದು' ಅನ್ನುವವರು 'ಇಲ್ಲ' ಅನ್ನುವವರಿಗಿಂತ ಹೆಚ್ಚಿರಬೇಕು ಎಂದು ಸೆಬಿಯ ನಿಯಮ. ಕಾಕಾನ ನೂರೈವತ್ತಕ್ಕೂ ನೂರೈವತ್ತು ಮತ.

ಕಾಕಾನ ಎದೆ ಉಬ್ಬಿತು. "ಬ್ಯಾಡ ಅಂತ ತಕರಾರು ಹಾಕಿದ್ರ?"

ಅಲ್ಲಿದೆ ನೋಡಿ ಮುಳ್ಳು. 'ಇಲ್ಲ' ಎಂದು ಮತ ಹಾಕಬಹುದು. ತಕರಾರು ಎತ್ತಬೇಕಾದರೆ ಅದೇ ಕಲಮಿನಂತೆ ಕೈಯಲ್ಲಿ ಹತ್ತು ಪ್ರತಿಶತ ಶೇರು ಇರಬೇಕು. ಮಂಗಳೂರಿನ ಕಂಪನಿಯ ಒಟ್ಟು ಶೇರು ಹನ್ನೊಂದು ಕೋಟಿ ಎಂಬತ್ತೈದು ಲಕ್ಷ. ಹತ್ತು ಪ್ರತಿಶತವೆಂದರೆ ಒಂದು ಕೋಟಿ ಹದಿನೆಂಟೂವರೆ ಲಕ್ಷ. ಕಾಕಾನ ಹತ್ತಿರ ನೂರೈವತ್ತು.

"ಕಡಿಮಿ ಬಿದ್ದವು" ಎಂದ ಕಾಕಾ, ಬಲು ಗಂಭೀರವಾಗಿ.

ಬೇಲಿಯ ಮೇಲೆ ಆ ವ್ಯವಹಾರ ಅವತ್ತಿಗೆ ಮುಗಿಯಲಿಲ್ಲ. ಎರಡು ಮಳೆಗಾಲ ನಡೆಯಿತು. ನಾಟಿಯ ಕಾಲಕ್ಕೆ ನಿಂತು, ಕಳೆ ತೆಗೆಯುವಾಗ ಮುಂದುವರಿದು, ಹತ್ತಿ ಬಿಡಿಸುವಾಗ ಮತ್ತೆ ಮೇಲೇಳುತ್ತಿತ್ತು. ಮಗ ಇಂಗ್ಲಿಷ್ ಕಾಗದವೊಂದನ್ನು ಫೋನಿಗೆ ಕಳಿಸಿದರೆ ಕಾಕಾ ಫೋನನ್ನೇ ಬೇಲಿಯ ಸಂದಿಯಲ್ಲಿ ತೂರಿಸಿ ನನ್ನ ಕೈಗೆ ಕೊಡುತ್ತಿದ್ದ. ವಿಲೀನದ ಕಾಗದಗಳಲ್ಲೆಲ್ಲ ತಪ್ಪದೆ ಕಾಣುವ ಪದವೊಂದಿದೆ, 'ಸಿನರ್ಜಿ'. ಹಾಗಂದರೇನು ಎಂದು ಕಾಕಾ ಕೇಳಿದ. ಎರಡು ಮನೆಯವರು ಕೂಡಿ ಒಂದೇ ಒಲೆ ಹೂಡಿದರೆ ಸೌದೆ ಉಳಿಯುತ್ತದಲ್ಲ, ಅದು ಎಂದೆ.

"ಸೌದಿ ಉಳಿತೈತಿ ಖರೆ" ಎಂದಳು ಕಾಕು. "ಒಲಿ ಮುಂದ ಕುಂತಾಕಿ ಉರಿ ಇಮ್ಮಡಿ ಆಗತೈತಿ."

ಈ ವ್ಯವಹಾರದ ಸೌದೆ ಸುಳ್ಳಲ್ಲ ಎಂದೇ ನನ್ನ ಅನಿಸಿಕೆ. ಮಂಗಳೂರಿನದು ಒಂಟಿ ಕಾರ್ಖಾನೆ. ದಶಕಗಟ್ಟಲೆ ನಾಫ್ತಾ ಸುಟ್ಟು ಯೂರಿಯಾ ಮಾಡಿತು. ನಾಫ್ತಾದ ಯೂರಿಯಾ ತುಟ್ಟಿ, ಸಬ್ಸಿಡಿ ಯಾವಾಗ ಬಂದೀತೆಂದು ದಿಲ್ಲಿಯ ಕಡೆ ನೋಡುತ್ತ ಕೂರಬೇಕು. ಕೊಚ್ಚಿಯಿಂದ ಮಂಗಳೂರಿನ ತನಕ 450 ಕಿಲೋಮೀಟರಿನ ಅನಿಲದ ಕೊಳವೆ ಬಂದು, 2021ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ಉಸಿರು ಹಗುರಾಯಿತು. ಆದರೂ ಒಂದು ಕಾಲಿನ ಮೇಲೆ ನಿಂತ ಕೊಕ್ಕರೆ ಅದು. ಯಂತ್ರ ಕೆಟ್ಟು ನಿಂತರೆ ಆ ವರ್ಷದ ಲೆಕ್ಕವೇ ನಿಂತಿತು. ಪಾರಾದೀಪಿಗೆ ಪೂರ್ವದಲ್ಲಿ ಬಂದರು, ಪಶ್ಚಿಮದಲ್ಲಿ ಗೋವೆ, ಕಲ್ಲು ಒದಗಿಸಲು ಮೊರಾಕ್ಕೋ. ಅದಕ್ಕೆ ತೆಂಕಣದ ಗಿರಾಕಿಗಳು ಬೇಕು, ಅಂದರೆ ನಾವು. ಮಣ್ಣು ನೋಡಿದರೆ ಇದು ಹಕ್ಕಲವೇ ಇರಬಹುದು, ಆದರೆ ಮಾವಿಗೆ ಒಗ್ಗುವ ಹಕ್ಕಲ.

ಹಾಗೆಂದು ಕಾಕಾನಿಗೆ ಹೇಳಲಿಲ್ಲ. ಹೇಳಿ, ನಾಳೆ ಬೆಲೆ ಬಿದ್ದರೆ ಈ ಬೇಲಿಯ ಹತ್ತಿರ ನಾನು ಹಲ್ಲುಜ್ಜುವುದು ಹೇಗೆ? ಅನುಪಾತ ಒಮ್ಮೆ ಬರೆದದ್ದು ಬರೆದದ್ದೇ. ಎರಡೂ ಶೇರಿನ ಬೆಲೆ ಮಾತ್ರ ದಿನಾ ಕುಣಿಯುತ್ತದೆ. ಫೆಬ್ರವರಿಯಲ್ಲಿ ತೂಗಿದ್ದು ಮರುವರ್ಷದ ದೀಪಾವಳಿಗೆ ಅದೇ ತೂಕ ಇರುತ್ತದೆಂದು ಯಾವ ತಕ್ಕಡಿಯೂ ಹೇಳುವುದಿಲ್ಲ. ರೊಕ್ಕ ಕೊಟ್ಟು ಕೊಂಡರೆ ಈ ತಲೆನೋವಿಲ್ಲ. ನಮ್ಮ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ 2019ರಲ್ಲಿ ರಾಜಮಂಡ್ರಿಯ ಆಂಧ್ರ ಪೇಪರ್ ಹಿಡಿದದ್ದು ಹಾಗೆ, ನಗದು ಕೊಟ್ಟು. ಅಲ್ಲಿಯ ಸಣ್ಣ ಪಾಲುದಾರರಿಗೂ ಬೇಕಾದರೆ ಮಾರಿ ಹೋಗಿ ಎಂದು ಕೇಳಿದರು. ಇಲ್ಲಿ ಕಾಗದಕ್ಕೆ ಕಾಗದ. ಬೇಡವೆಂದವನು ಪೇಟೆಯಲ್ಲಿ ಮಾರಿ ಕೈ ತೊಳೆದುಕೊಳ್ಳಬೇಕು. ಸುಮ್ಮನೆ ಕೂತರೆ ಕಾಗದ ತಾನೇ ಬದಲಾಗುತ್ತದೆ, ಬದಲಾದದ್ದಕ್ಕೆ ತೆರಿಗೆಯೂ ಇಲ್ಲ. ನೂರು ಶೇರು ಕೊಳ್ಳಲು ಹಾಕಿದ ದುಡ್ಡನ್ನೇ ನೂರಾ ಎಂಬತ್ತೇಳರ ಮೇಲೆ ಹಂಚಿ ಬರೆದಿಟ್ಟುಕೊಂಡರೆ ಸಾಕು. ಮಾರಿದ ದಿನ ಬೇಕಾಗುತ್ತದೆ.

ಮಾರುವ ಮಾತು ಬಂದಾಗಲೆಲ್ಲ ಕಾಕಾನ ಮುಖ ಬಾಡುತ್ತಿತ್ತು. ಬಹಳ ದಿನ ನನಗೆ ಅರ್ಥವಾಗಲಿಲ್ಲ. ಒಂದು ದಿನ ಹಿತ್ತಲಲ್ಲಿ ಗೋವಿನಜೋಳ ಒಣಹಾಕಿದ್ದರು. ಕೆಳಗೆ ಹಾಸಿದ್ದು ಕಾಕು ಹಳೆಯ ಗೊಬ್ಬರದ ಚೀಲ ಬಿಚ್ಚಿ ಹೊಲಿದ ದೊಡ್ಡ ತಾಡಪತ್ರಿ. ಜೋಳ ಸರಿದ ಕಡೆಯೆಲ್ಲ ಮಾಸಿದ ಅಕ್ಷರದಲ್ಲಿ 'ಮಂಗಳಾ', 'ಮಂಗಳಾ'.

"ಹೆಸರು ಹೊಕ್ಕೈತಲ್ರಿ ಮಾಸ್ತರ" ಎಂದ ಕಾಕಾ.

"ಹೆಸರು ಎಂದೋ ಹೋತು ಕಾಕಾ" ಎಂದೆ. ನಿಜವೇ. 2018ರಲ್ಲಿ ಯೂರಿಯಾ ಚೀಲ ಐವತ್ತು ಕಿಲೋದಿಂದ ನಲವತ್ತೈದಕ್ಕೆ ಇಳಿಯಿತು. ಅದು ಎಲ್ಲರಿಗೂ ನೆನಪಿದೆ, ಹೆಗಲಿಗೆ ಗೊತ್ತಾಗುತ್ತದೆ. 2022ರ ಅಕ್ಟೋಬರಿನಿಂದ ದೇಶದ ಎಲ್ಲ ಕಂಪನಿಗಳ ಯೂರಿಯಾವೂ 'ಭಾರತ್ ಯೂರಿಯಾ' ಆಯಿತು. ಚೀಲದ ಮೂರರಲ್ಲಿ ಎರಡು ಪಾಲು ಆ ಹೆಸರಿಗೆ, ಉಳಿದ ಒಂದು ಪಾಲಿನ ಮೂಲೆಯಲ್ಲಿ ತಯಾರಿಸಿದವರು ಯಾರೆಂದು ಸಣ್ಣಕ್ಷರದಲ್ಲಿ. ಬೆಲೆಯೂ ಎಲ್ಲರದೂ ಒಂದೇ, ಚೀಲಕ್ಕೆ 266 ರೂಪಾಯಿ 50 ಪೈಸೆ. ಹೆಸರು ಕಳೆದುಕೊಂಡು ಎರಡು ಬೆಳೆ ಬಂದ ಮೇಲೆ ಕಂಪನಿ ಸೇರಿಹೋಗುವ ಸುದ್ದಿ ಬಂತು. ಕಾಕಾ ಅಷ್ಟೂ ದಿನ ಚೀಲ ಹೊತ್ತಿದ್ದ, ಓದಿರಲಿಲ್ಲ.

ಅವನು ತಾಡಪತ್ರಿಯ ಒಂದು ಮೂಲೆಯನ್ನು ಕಾಲಿನಿಂದ ಸರಿಮಾಡಿದ. "ನಿಮ್ಮ ಕಾಕು ಇದನ್ನ ಇನ್ನ ಹತ್ತು ವರ್ಷ ಬಾಳಸ್ತಾಳ" ಎಂದ.

ಶೇರುಪತ್ರಗಳನ್ನು ಡಿಮ್ಯಾಟ್ ಮಾಡಿಸಿದ ಕಥೆ ಹೇಳಹೊರಟರೆ ಅದೇ ಒಂದು ಪುರಾಣ. 2019ರ ಏಪ್ರಿಲ್‌ನಿಂದ ಕಾಗದದ ಶೇರು ಇನ್ನೊಬ್ಬರ ಹೆಸರಿಗೆ ವರ್ಗವಾಗುವುದಿಲ್ಲ. ಏಳು ವರ್ಷ ಸತತ ಲಾಭಾಂಶ ಕೇಳದಿದ್ದರೆ ಶೇರೇ ಸರ್ಕಾರದ ನಿಧಿಗೆ ಹೋಗುತ್ತದೆ. ಮಗ ಹೆದರಿಸಿ ಹೊರಡಿಸಿದ್ದ. ಪತ್ರದಲ್ಲಿ ಕಾಕಾನ ಹೆಸರಿನ ಮುಂದೆ ಅಪ್ಪನ ಹೆಸರು, ಆಧಾರಿನಲ್ಲಿ ಅಡ್ಡಹೆಸರು. ಊರು ಒಂದು ಕಡೆ ಪಾಳಾ, ಇನ್ನೊಂದು ಕಡೆ ಪಾಲ. ಹುಬ್ಬಳ್ಳಿಯ ಒಂದು ಕಚೇರಿಗೆ ನಾಲ್ಕು ಸಲ ಬಸ್ಸು. ಅಂತೂ ಆಯಿತು. ಅದಕ್ಕೆ ಹೋದ ಖರ್ಚನ್ನು ಕಾಕು ಬಾಯಿಲೆಕ್ಕದಲ್ಲೇ ಇಟ್ಟಿದ್ದಾಳೆ. ನೂರಾ ಎಂಬತ್ತೇಳರ ಮಾತು ಬಂದಾಗಲೆಲ್ಲ ಹೊರಗೆ ತೆಗೆಯುತ್ತಾಳೆ.

ಕಾಕಾ ಮತ ಹಾಕಿದನೇ? ಮಗ ಫೋನಿನಲ್ಲಿ ಒತ್ತಿದನಂತೆ. ಯಾವುದನ್ನು ಒತ್ತಿದ ಎಂದು ಕೇಳಿದರೆ ಕಾಕಾ, "ಹಿರೇರು ಒಪ್ಪಿದ ಮ್ಯಾಲೆ ನಾವೇನು ಲಗ್ನ ನಿಲ್ಲಸೋದು" ಎಂದ. 2025ರಲ್ಲಿ ವಿಲೀನ ಮುಗಿಯಿತು.

ಸುದ್ದಿ ಬಂದ ಸಂಜೆ ಕಾಕಾ ಬೇಲಿ ಕಡಿಯುತ್ತಿದ್ದ. ಕತ್ತಿ ನಿಲ್ಲಿಸಿ ಕೇಳಿದ: "ಇನ್ನೂರಾ ಎಂಬತ್ತು ಸರಿ. ಆ ಅರ್ಧದ್ದು ಏನು ಮಾಡ್ತಾರ?"

ಸಾಮಾನ್ಯವಾಗಿ ಇಂಥ ಚೂರುಗಳನ್ನೆಲ್ಲ ಒಬ್ಬರ ಕೈಯಲ್ಲಿ ಒಟ್ಟುಮಾಡಿ, ಇಡೀ ಶೇರುಗಳನ್ನಾಗಿ ಪೇಟೆಯಲ್ಲಿ ಮಾರಿ, ಬಂದ ರೊಕ್ಕವನ್ನು ಚೂರಿನ ಲೆಕ್ಕದಲ್ಲಿ ಹಂಚುತ್ತಾರೆ ಎಂದು ಹೇಳಿದೆ.

"ಅಂದ್ರ ನನ್ನ ಅರ್ಧ, ಮತ್ತ್ಯಾರದೋ ಅರ್ಧ ಕೂಡಿಸಿ ಒಂದು."

"ಹೌದು."

ಕಾಕಾ ಕಡಿದ ಸೊಪ್ಪಿನ ಹೊರೆಯನ್ನು ಬೇಲಿಯ ಮೇಲಿಟ್ಟು ಸ್ವಲ್ಪ ಹೊತ್ತು ನಿಂತ. "ಅವನೂ ನಮ್ಮಂಗ ನೂರೈವತ್ತು ಇಟ್ಟವನ ಇರಬೇಕಲ್ರಿ" ಎಂದ. "ಯಾವೂರಾಂವೋ ಏನೋ. ಅವರ ಕಡೆ ಈ ಸಲ ಮಳಿ ಹೆಂಗ ಆತೋ."

ಒಳಗಿನಿಂದ ಕಾಕು ಕರೆದಳು, ಎಮ್ಮೆಗೆ ಸೊಪ್ಪು ತರಲು.